ಬಂಧಿತನ ಹೆಸರು ಎಲ್ಲಿ ಬರೆದಿದೆ?

ಪ್ರಭುತ್ವವು ಒಬ್ಬ ಪ್ರಜೆಯನ್ನು ಅವನ ಮನೆಯಿಂದಲೋ ಕೆಲಸದ ಸ್ಥಳದಿಂದಲೋ ಹಿಡಿದುಕೊಂಡು ಹೋದಾಗ ಅವನ ಹೆತ್ತವರ ಎದುರು ಎರಡು ಪ್ರಶ್ನೆಗಳು ನಿಲ್ಲುತ್ತವೆ. ಅವನು ತಪ್ಪು ಮಾಡಿದ್ದಾನೆಯೇ ಎಂಬುದು ಒಂದು. ಅವನು ಈಗ ಎಲ್ಲಿದ್ದಾನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕಲು ನ್ಯಾಯಾಲಯಕ್ಕೆ ವರ್ಷಗಳೇ ಬೇಕಾಗಬಹುದು. ಎರಡನೆಯದಕ್ಕೆ ಉತ್ತರಿಸಲು ಒಂದು ಕಪ್ಪು ಹಲಗೆ ಮತ್ತು ಒಂದು ಸೀಮೆಸುಣ್ಣ ಸಾಕು. ಆದರೂ ನಮ್ಮ ದೇಶದಲ್ಲಿ ಬಡವನಿಗೆ ದೊರೆಯದೇ ಉಳಿಯುವುದು ಈ ಎರಡನೆಯ ಉತ್ತರವೇ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಬಂಧನದ ಸುದ್ದಿಯನ್ನು ಬಂಧಿತನ ಬಂಧುವಿಗೋ ಗೆಳೆಯನಿಗೋ ಮುಟ್ಟಿಸಬೇಕೆಂದು ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1994ರಲ್ಲೇ ಆದೇಶಿಸಿತು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪು ಹನ್ನೊಂದು ಕಟ್ಟಳೆಗಳನ್ನು ವಿಧಿಸಿತು. ಬಂಧನದ ಹೊತ್ತು ಮತ್ತು ದಿನಾಂಕವಿರುವ ಪತ್ರವನ್ನು ಸಾಕ್ಷಿಯ ಸಹಿಯೊಂದಿಗೆ ಬರೆಯಬೇಕು. ಬಂಧನದ ವಿವರ ಹನ್ನೆರಡು ಗಂಟೆಗಳೊಳಗೆ ಪೊಲೀಸ್ ನಿಯಂತ್ರಣ ಕೊಠಡಿಗೆ ತಲುಪಿ, ಅಲ್ಲಿನ ಸೂಚನಾ ಫಲಕದ ಮೇಲೆ ಎದ್ದು ಕಾಣುವಂತಿರಬೇಕು. 2010ರಿಂದ ಇದು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 41-ಸಿ ಕಲಮಾಗಿ ಸೇರಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಪ್ರಕಾರ ಪ್ರತಿ ಠಾಣೆಯಲ್ಲೂ ಎ.ಎಸ್.ಐ. ದರ್ಜೆಗೆ ಕಡಿಮೆಯಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ದಾಖಲಿಸಿಡಬೇಕು. ಅದನ್ನು ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು.

ಈಗ ಕೇಳೋಣ: ನಮ್ಮಲ್ಲಿ ಎಷ್ಟು ಜನ ಇಂಥ ಫಲಕವನ್ನು ಕಣ್ಣಾರೆ ಕಂಡಿದ್ದೇವೆ? ಠಾಣೆಯ ಗೋಡೆಯ ಮೇಲೆ ಕಾಣೆಯಾದವರ ಚಿತ್ರಗಳಿರುತ್ತವೆ, ರೌಡಿಗಳ ಭಾವಚಿತ್ರಗಳಿರುತ್ತವೆ, ಜನಸ್ನೇಹಿ ಪೊಲೀಸ್ ಎಂಬ ಘೋಷಣೆಯೂ ಇರುತ್ತದೆ. ಇಂದು ಈ ಠಾಣೆಯಲ್ಲಿ ಯಾರನ್ನು ಇಡಲಾಗಿದೆ, ಯಾವ ಗಂಟೆಗೆ ಕರೆತರಲಾಯಿತು, ಕರೆತಂದ ಅಧಿಕಾರಿ ಯಾರು ಎಂಬ ಬರಹವೆಲ್ಲಿ?

ಹೆಸರಘಟ್ಟದಂಥ ಊರನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಅರ್ಕಾವತಿಯ ನೀರನ್ನು ಬೆಂಗಳೂರಿಗೆ ಕುಡಿಸಿದ ಊರು ಇದು. ಬೆಂಗಳೂರು ನಗರ ಜಿಲ್ಲೆಯ ಅಂಚಿನಲ್ಲಿದೆ. ಪಕ್ಕದ ನೆಲಮಂಗಲ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳು ಬೇರೆ ಜಿಲ್ಲೆಗೆ ಸೇರಿವೆ. ಇಲ್ಲಿನ ತೋಟದಲ್ಲೋ ಕಟ್ಟಡದ ಕೆಲಸದಲ್ಲೋ ಇರುವ ಒಬ್ಬ ಕೂಲಿಕಾರ್ಮಿಕನನ್ನು ಸಾದಾ ಉಡುಪಿನ ನಾಲ್ವರು ಬಂದು ಜೀಪಿನಲ್ಲಿ ಕೂರಿಸಿಕೊಂಡು ಹೋದರೆಂದು ಭಾವಿಸಿ. ಅವರು ನಗರ ಪೊಲೀಸರೋ, ಪಕ್ಕದ ಜಿಲ್ಲೆಯವರೋ, ಅಪರಾಧ ವಿಭಾಗದವರೋ ಎಂಬುದು ಅವನ ಹೆಂಡತಿಗೆ ಹೇಗೆ ತಿಳಿಯಬೇಕು? ಹತ್ತಿರದ ಠಾಣೆಯಲ್ಲಿ ‘ನಮ್ಮವರಲ್ಲ’ ಎನ್ನುತ್ತಾರೆ. ಆಕೆ ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಗೆ ಹೋಗಬೇಕೇ, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಮುಂದೆ ಕಾಯಬೇಕೇ, ಇಡೀ ನಗರವನ್ನು ವಾಯವ್ಯದಿಂದ ಆಗ್ನೇಯಕ್ಕೆ ದಾಟಿ ಪರಪ್ಪನ ಅಗ್ರಹಾರದ ಬಾಗಿಲಿಗೆ ಹೋಗಬೇಕೇ? ಒಂದು ದಿನದ ಕೂಲಿ ಬಸ್ಸಿಗಾಗುತ್ತದೆ, ಎರಡನೆಯ ದಿನದ ಕೂಲಿ ದಲ್ಲಾಳಿಯ ಪಾಲಾಗುತ್ತದೆ. ಕೈದಿಯ ಭೇಟಿಗೆ ಇ-ಮುಲಾಕಾತ್ ಎಂಬ ಸೌಲಭ್ಯವೇನೋ ಇದೆ. ಆದರೆ ಯಾವ ಜೈಲು, ಯಾವ ಕೈದಿ ಎಂಬುದನ್ನು ಅರ್ಜಿ ತುಂಬುವವರೇ ಹೇಳಬೇಕು. ಅದನ್ನು ತಿಳಿಯಲಿಕ್ಕಾಗಿಯೇ ಅಲ್ಲವೇ ಆಕೆ ಅಲೆಯುತ್ತಿರುವುದು?

ಮಾಹಿತಿ ಸರಕಾರದ ಬಳಿ ಇಲ್ಲವೆಂದಲ್ಲ. ಜೈಲಿಗೆ ಬಂದ ಪ್ರತಿಯೊಬ್ಬನ ವಿವರವೂ ಇ-ಪ್ರಿಸನ್ಸ್ ಎಂಬ ಗಣಕ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು, ಅವರಲ್ಲಿ 4,34,302 ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಒಬ್ಬನನ್ನೂ ಬಿಡದೆ ಎಣಿಸಿ ಹೇಳುತ್ತದೆ. ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿಯೆಂದು ಸಾಬೀತಾಗದವರು. ಲೆಕ್ಕ ಇಷ್ಟು ಚೊಕ್ಕವಾಗಿದೆ. ಮನೆಯವರು ಕೇಳಿದಾಗ ಮಾತ್ರ ಹೆಸರು ಸಿಗುವುದಿಲ್ಲ.

ಸಿಗುವವರಿಗೆ ಎಲ್ಲವೂ ಸಿಗುತ್ತದೆ. 2024ರಲ್ಲಿ ಚಿತ್ರನಟ ದರ್ಶನ್ ಕೊಲೆ ಆರೋಪದ ಮೇಲೆ ಪರಪ್ಪನ ಅಗ್ರಹಾರ ಸೇರಿದಾಗ ಅವರ ವಿಚಾರಣಾಧೀನ ಕೈದಿ ಸಂಖ್ಯೆ 6106 ಎಂಬುದು ರಾಜ್ಯದ ಮಕ್ಕಳಿಗೂ ಬಾಯಿಪಾಠವಾಗಿತ್ತು. ಅಭಿಮಾನಿಗಳು ಅದನ್ನು ವಾಹನಗಳ ಮೇಲೆ ಬರೆಸಿಕೊಂಡರು. ಆ ಆಗಸ್ಟ್‌ನಲ್ಲಿ ಅವರನ್ನು ಬಳ್ಳಾರಿಗೆ ಸಾಗಿಸಿದ ದಾರಿಯನ್ನು ದೂರದರ್ಶನ ವಾಹಿನಿಗಳು ಊರೂರಿನಿಂದ ತೋರಿಸಿದವು. ಅದಕ್ಕೆ ನಾಲ್ಕು ವರ್ಷ ಮುಂಚೆ, 2020ರ ಆಗಸ್ಟ್ 11ರ ರಾತ್ರಿ, ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿಯಲ್ಲಿ ಹಿಂಸಾಚಾರ ನಡೆಯಿತು. ಶಾಸಕರ ಮನೆಗೂ ಪೊಲೀಸ್ ಠಾಣೆಗೂ ಬೆಂಕಿಯಿಟ್ಟದ್ದು ಘೋರ ಅಪರಾಧ. ಅದನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು, ಒಂದೇ ವಾರದಲ್ಲಿ ಮುನ್ನೂರಕ್ಕೂ ಮಿಕ್ಕಿ ಜನರು ಬಂಧಿತರಾದರು, ಅವರಲ್ಲಿ ಹಲವರನ್ನು ಸುಮಾರು 300 ಕಿಲೋಮೀಟರ್ ದೂರದ ಅದೇ ಬಳ್ಳಾರಿಯ ಜೈಲಿಗೆ ಸಾಗಿಸಲಾಯಿತು. ಇವರ ಪ್ರಯಾಣದ ನೇರ ಪ್ರಸಾರವನ್ನು ಯಾವ ತಾಯಿ ನೋಡಿದಳು? ತಪ್ಪು ಮಾಡಿದವನಿಗೆ ಶಿಕ್ಷೆಯಾಗಲಿ. ಆದರೆ ತಪ್ಪು ಮಾಡಿದವನ ತಾಯಿಗೂ ಮಗ ಎಲ್ಲಿದ್ದಾನೆಂದು ತಿಳಿಯುವ ಹಕ್ಕಿದೆ. ಈ ಹಕ್ಕು ನಿರಪರಾಧಿಗಳಿಗೆ ಮಾತ್ರ ಮೀಸಲೆಂದು ಯಾವ ಕಾನೂನೂ ಹೇಳಿಲ್ಲ.

ಇದು ಮುಸ್ಲಿಮರ ಸಮಸ್ಯೆಯೆಂದು ಪಕ್ಕಕ್ಕೆ ಸರಿಸುವವರು ಕೇರಳದ ರಾಜನ್ ಪ್ರಕರಣವನ್ನು ನೆನೆಯಲಿ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್ 1ರಂದು, ಕೋಝಿಕ್ಕೋಡಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಿಡಿದೊಯ್ದರು. ತಂದೆ ಈಚರ ವಾರಿಯರ್ ಬಾಗಿಲಿಂದ ಬಾಗಿಲಿಗೆ ಅಲೆದರು. 1977ರಲ್ಲಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗ ಸರಕಾರ ಕೊಟ್ಟ ಉತ್ತರ, ಅವನನ್ನು ಬಂಧಿಸಿಯೇ ಇಲ್ಲ ಎಂಬುದು. ಕೊನೆಗೆ ಅವನು ಪೊಲೀಸರ ವಶದಲ್ಲಿದ್ದಾಗಲೇ ಸತ್ತನೆಂದು ಒಪ್ಪಿಕೊಳ್ಳಬೇಕಾಯಿತು, ಮುಖ್ಯಮಂತ್ರಿ ಕೆ. ಕರುಣಾಕರನ್ ಪದವಿ ಕಳೆದುಕೊಂಡರು. ಬರೆಯದೇ ಇಟ್ಟ ಹೆಸರಿಗೆ ಇಷ್ಟು ಅರ್ಥವಿದೆ. ಹೆಸರು ಬರೆದ ಗಳಿಗೆಯಿಂದ 24 ಗಂಟೆಗಳ ಗಡಿಯಾರ ಓಡತೊಡಗುತ್ತದೆ. ಬರೆಯದವನಿಗೆ ಗಡಿಯಾರವೇ ಇಲ್ಲ. ಅವನು ಮೂರು ದಿನ ಲಾಠಿಯ ಕೆಳಗಿದ್ದರೂ ಕಾಗದದಲ್ಲಿ ಇಂದು ಬೆಳಿಗ್ಗೆಯಷ್ಟೇ ಬಂಧಿತನಾದವನು.

ತನಿಖೆಗೆ ತೊಡಕಾಗುತ್ತದೆ, ಬಂಧಿತನ ಮಾನಕ್ಕೆ ಕುಂದಾಗುತ್ತದೆ ಎಂದು ಅಧಿಕಾರಿಗಳು ಆಕ್ಷೇಪಿಸುತ್ತಾರೆ. ಮಾನದ ಮಾತು ಇವರ ಬಾಯಲ್ಲಿ ಶೋಭಿಸುವುದೇ? 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪತ್ರಕರ್ತ ಮುತೀಉರ್ರಹ್ಮಾನ್ ಸಿದ್ದೀಕಿಯವರು ಬಂಧಿತರಾದಾಗ ಅವರ ಹೆಸರು ಉಗ್ರನೆಂಬ ಹಣೆಪಟ್ಟಿಯೊಂದಿಗೆ ಮುಖಪುಟಗಳಲ್ಲಿ ಮೆರೆಯಿತು. ಸುಮಾರು ಆರು ತಿಂಗಳು ಜೈಲಿನಲ್ಲಿದ್ದ ಬಳಿಕ, 2013ರ ಫೆಬ್ರವರಿಯಲ್ಲಿ, ರಾಷ್ಟ್ರೀಯ ತನಿಖಾ ದಳವು ಅವರ ಮೇಲೆ ಆರೋಪಪಟ್ಟಿ ಸಲ್ಲಿಸದೇ ಹೋದುದರಿಂದ ಹೊರಬಂದರು. ಹೆಸರನ್ನು ವಾಹಿನಿಗಳಿಗೆ ಸೋರಿಬಿಡುವಾಗ ಮರೆತುಹೋಗುವ ಮಾನ, ಅದೇ ಹೆಸರನ್ನು ಅಪ್ಪನಿಗೆ ಹೇಳುವಾಗ ಮಾತ್ರ ನೆನಪಾಗುವುದೇ? ಸೋರಿಕೆಯೇ ಬೇರೆ, ದಾಖಲೆಯೇ ಬೇರೆ. ಸೋರಿಕೆ ಬಂಧಿತನನ್ನು ಕೊಲ್ಲುತ್ತದೆ, ದಾಖಲೆ ಅವನನ್ನು ಕಾಯುತ್ತದೆ.

ಬೆಂಗಳೂರಿನ ವೈದ್ಯ ಮುಹಮ್ಮದ್ ಹನೀಫ್ ಪ್ರಕರಣ ಇದಕ್ಕೆ ಸಾಕ್ಷಿ. 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದ ಅವರನ್ನು ಹನ್ನೆರಡು ದಿನ ಆರೋಪವಿಲ್ಲದೆ ಇಟ್ಟುಕೊಳ್ಳಲಾಯಿತು. ಅವರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ಲಿಖಿತ ದಾಖಲೆಯನ್ನು ಪತ್ರಿಕೆಗೆ ಕೊಟ್ಟರು. ಅಲ್ಲಿಯವರೆಗೆ ಅಧಿಕಾರಿಗಳು ಹೇಳಿದ್ದನ್ನೇ ನಂಬಿದ್ದ ಜನರು ಅದನ್ನು ಓದಿ ಪ್ರಶ್ನಿಸತೊಡಗಿದರು. ಜುಲೈ 27ರಂದು ಆರೋಪ ಕೈಬಿಡಲಾಯಿತು. ಕತ್ತಲಲ್ಲಿ ಬೆಳೆದ ಸುಳ್ಳು ಕಾಗದದ ಬೆಳಕಿನಲ್ಲಿ ಉಳಿಯಲಿಲ್ಲ.

ಅಮೆರಿಕದ ಕೌಂಟಿ ಜೈಲುಗಳಲ್ಲಿ ಇಂದು ಯಾರನ್ನು ಇಡಲಾಗಿದೆಯೆಂಬುದನ್ನು ಅನೇಕ ಕಡೆ ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದು. ಆದರೆ ಅಲ್ಲಿ ಬಂಧಿತರ ಭಾವಚಿತ್ರಗಳನ್ನು ಪ್ರಕಟಿಸಿ, ತೆಗೆದುಹಾಕಲು ಹಣ ಕೀಳುವ ಹೀನ ದಂಧೆಯೂ ಹುಟ್ಟಿಕೊಂಡಿತು. ನಮಗೆ ಆ ದಂಧೆ ಬೇಡ. ಭಾವಚಿತ್ರ ಬೇಡ, ‘ಉಗ್ರ’ ಎಂಬ ವಿಶೇಷಣ ಬೇಡ, ಬಿಡುಗಡೆಯಾದವನ ಹೆಸರು ವರ್ಷಗಟ್ಟಲೆ ಫಲಕದ ಮೇಲೆ ತೂಗಾಡುವುದೂ ಬೇಡ. ಕಾನೂನು ಹೇಳಿದಷ್ಟೇ ಬರೆಯಿರಿ, ಆದರೆ ಬರೆಯಿರಿ.

ಸರಕಾರವನ್ನು ಇಷ್ಟು ಕೇಳಿದ ಮೇಲೆ ನಮ್ಮನ್ನೂ ಕೇಳಿಕೊಳ್ಳಬೇಕಲ್ಲವೇ? ಯುವಕನೊಬ್ಬ ಬಂಧಿತನಾದ ರಾತ್ರಿ ನಮ್ಮ ಜಮಾಅತ್ ಸಮಿತಿಗಳು ಏನು ಮಾಡುತ್ತವೆ? ಅರ್ಧ ಜನ ಪುಢಾರಿಯ ಮನೆಗೆ ಓಡುತ್ತಾರೆ, ಉಳಿದರ್ಧ ಜನ ಆ ಮನೆಯವರೊಡನೆ ಸಲಾಂ ಹೇಳುವುದನ್ನೇ ಬಿಡುತ್ತಾರೆ. ಪುಢಾರಿ ಫೋನು ಮಾಡಿ ಉಪಕಾರದ ಲೆಕ್ಕ ಬರೆದುಕೊಳ್ಳುತ್ತಾನೆ. ಹಕ್ಕಾಗಿ ಕೇಳಬೇಕಾದದ್ದನ್ನು ದಯೆಯಾಗಿ ಬೇಡುವ ಈ ರೂಢಿಯೇ ಫಲಕಗಳನ್ನು ಖಾಲಿಯಾಗಿಟ್ಟಿದೆ. ಸಂಶಯ ಮತ್ತು ಪರದೂಷಣೆಯನ್ನು ಪವಿತ್ರ ಕುರ್‌ಆನ್ ಅಲ್‌ಹುಜುರಾತ್ ಅಧ್ಯಾಯದಲ್ಲಿ ನಿಷೇಧಿಸಿದೆಯೆಂದು ಜುಮಾ ಖುತ್ಬಾದಲ್ಲಿ ಕೇಳುವವರೇ, ಮಸೀದಿಯ ಮೆಟ್ಟಿಲಿಳಿದೊಡನೆ ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ’ ಎನ್ನುತ್ತಾರೆ.

ನಮ್ಮ ಪರಂಪರೆ ಹೀಗಿರಲಿಲ್ಲ. ಹನಫಿ ನ್ಯಾಯಶಾಸ್ತ್ರದ ಗ್ರಂಥಗಳ ಪ್ರಕಾರ, ಹೊಸದಾಗಿ ನೇಮಕವಾದ ಖಾಝಿಯ ಮೊದಲ ಕೆಲಸಗಳಲ್ಲಿ ಒಂದು ಸೆರೆಮನೆಯಲ್ಲಿರುವವರ ಪಟ್ಟಿಯನ್ನು ತರಿಸಿಕೊಳ್ಳುವುದು. ಪ್ರತಿಯೊಬ್ಬನನ್ನೂ ಯಾರು, ಏಕೆ ಸೆರೆಯಲ್ಲಿಟ್ಟರೆಂದು ವಿಚಾರಿಸಬೇಕು; ದೂರುದಾರರು ಬರಲೆಂದು ಸಾರ್ವಜನಿಕವಾಗಿ ಸಾರಬೇಕು; ಯಾರೂ ಬಾರದಿದ್ದರೆ ಬಿಡುಗಡೆಯ ದಾರಿ ನೋಡಬೇಕು. ಕ್ರಿ.ಶ. 798ರಲ್ಲಿ ತೀರಿಕೊಂಡ ಇಮಾಮ್ ಅಬೂ ಯೂಸುಫ್ ತಮ್ಮ ‘ಕಿತಾಬುಲ್ ಖರಾಜ್’ ಗ್ರಂಥದಲ್ಲಿ ಖಲೀಫ ಹಾರೂನ್ ರಶೀದ್‌ಗೆ ನೀಡಿದ ಸಲಹೆಯೂ ಇಂಥದೇ. ಸಜ್ಜನನೊಬ್ಬನನ್ನು ನೇಮಿಸಿ ಕೈದಿಗಳ ಹೆಸರುಗಳನ್ನು ಬರೆಸಬೇಕು, ತಿಂಗಳ ಭತ್ಯೆಯನ್ನು ಹೆಸರು ಕರೆದು ಅವರವರ ಕೈಗೇ ಕೊಡಬೇಕು, ಅವರ ಪ್ರಕರಣಗಳನ್ನು ಆಗಾಗ ಪರಿಶೀಲಿಸಬೇಕು. ಗಣಕವಿಲ್ಲದ ಕಾಲದಲ್ಲಿ ಸಾಧ್ಯವೆಂದು ಭಾವಿಸಿದ್ದು ಗಣಕದ ರಾಜಧಾನಿಯೆಂದು ಬೀಗುವ ಬೆಂಗಳೂರಿಗೆ ಅಸಾಧ್ಯವೇ?

ಆದ್ದರಿಂದ ಪ್ರತಿ ಮಸೀದಿ ಸಮಿತಿಯೂ ಕಾನೂನು ಬಲ್ಲ ಇಬ್ಬರನ್ನು ಈ ಕೆಲಸಕ್ಕೆ ನಿಯೋಜಿಸಲಿ. ಬಂಧನ ಪತ್ರದಲ್ಲಿ ಹೊತ್ತು ಸರಿಯಾಗಿದೆಯೇ ಎಂದು ಓದದೆ ಸಹಿ ಹಾಕಬಾರದೆಂದು ಜನರಿಗೆ ಕಲಿಸಲಿ. ಠಾಣೆಯ ನಿಯೋಜಿತ ಅಧಿಕಾರಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳಲ್ಲಿ ಕೊಡಬೇಕೆಂದು ಆ ಕಾಯ್ದೆಯ 7ನೆಯ ಕಲಮು ಹೇಳುತ್ತದೆ. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಕಾನೂನು ಸೇವಾ ಪ್ರಾಧಿಕಾರದ 15100 ಎಂಬ ಸಂಖ್ಯೆಯನ್ನು ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ಬರೆಸಿಡಲಿ. 24 ಗಂಟೆ ಮೀರಿದರೆ ಹೈಕೋರ್ಟಿನ ಬಾಗಿಲಿದೆ. ಬಂಧನದ ಕಾರಣ ತಿಳಿಸದಿದ್ದರೆ ಬಂಧನವೇ ಅಸಿಂಧುವೆಂದು ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 2025ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಇನ್ನು ವೆಚ್ಚದ ಮಾತು. ಅತ್ತೌಬ ಅಧ್ಯಾಯದ 60ನೆಯ ಸೂಕ್ತವು ಎಣಿಸುವ ಝಕಾತಿನ ಎಂಟು ಬಾಬುಗಳಲ್ಲಿ ಕೊರಳಿನ ಬಂಧ ಬಿಡಿಸುವುದೂ ಒಂದು. ಬಡ ವಿಚಾರಣಾಧೀನರ ಜಾಮೀನಿಗೆ ಇದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂದು ನಮ್ಮ ಉಲಮಾಗಳು ಕುಳಿತು ತೀರ್ಮಾನಿಸಲಿ. ಮಿನಾರಗಳ ದೀಪಾಲಂಕಾರಕ್ಕಿಂತ ಈ ಚರ್ಚೆ ತುರ್ತಿನದು.

ಈ ಎಲ್ಲ ಕೆಲಸವೂ ಮುಸ್ಲಿಮನ ಹೆಸರು ಬಂದಾಗ ಮಾತ್ರ ನಡೆದರೆ ಅದು ನ್ಯಾಯವಾಗದು, ಪಕ್ಷಪಾತವಾದೀತು. ಪಕ್ಕದ ಕೇರಿಯ ದಲಿತ ಯುವಕನಿಗಾಗಿಯೂ ಉತ್ತರ ಕರ್ನಾಟಕದಿಂದ ವಲಸೆ ಬಂದ ಕೂಲಿಯವನಿಗಾಗಿಯೂ ಅದೇ ಅರ್ಜಿ ಅದೇ ಕಾಳಜಿಯಿಂದ ಹೋಗಬೇಕು. ಫಲಕ ಎಲ್ಲರದು. ರಾಜ್ಯ ಸರಕಾರವು ಹೊಸ ಕಾನೂನನ್ನೇನೂ ಮಾಡಬೇಕಿಲ್ಲ. ಇರುವ ಕಾನೂನಿನ ಒಂದು ಕಲಮನ್ನು ಪ್ರತಿ ಠಾಣೆಯ ಬಾಗಿಲಲ್ಲಿ, ಕನ್ನಡದಲ್ಲಿ, ಪ್ರತಿದಿನ ಬರೆಸಲಿ. ಯಾರನ್ನು ಹಿಡಿದಿದ್ದೇವೆಂದು ಹೇಳಲು ಹಿಂಜರಿಯುವ ಪ್ರಭುತ್ವಕ್ಕೆ ಹಿಡಿಯುವ ಅಧಿಕಾರವಾದರೂ ಎಲ್ಲಿಂದ ಬರಬೇಕು?