ನೆಗಡಿಗೆ ಮೂಗು ಕೊಯ್ಯುವವರು

ಟ್ರಯಂಫ್ ಸ್ಟ್ಯಾಗ್ ಕಾರಿನ ಮೂಲ ಎಂಜಿನ್ ಕಿತ್ತೆಸೆದು ರೋವರ್ ಎಂಜಿನ್ ಕೂರಿಸಿ ಎಂದು ಉಪದೇಶ ಮಾಡುವವರ ಜೊತೆ ನನ್ನದು ಹನ್ನೆರಡು ವರ್ಷದ ಜಗಳ. ಇಂಗ್ಲೆಂಡಿನ ಹಳೇ ಕಾರು ಪ್ರಿಯರ ನಡುವೆ ಇದು ಮುಗಿಯದ ವ್ಯಾಜ್ಯ. ಊರಲ್ಲಿರುವ ಓದುಗರಿಗೆ ಇದು ಹೊಟ್ಟೆ ತುಂಬಿದವರ ತಕರಾರು ಅನ್ನಿಸೀತು. ಆದರೆ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡಾರಿನ ಡೀಸೆಲ್ ಎಂಜಿನ್ ಕೂರಿಸುತ್ತಿದ್ದ ಕಾಲವನ್ನು ಕಂಡವರಿಗೆ ವಿಷಯ ಹೊಸದಲ್ಲ.

ಮೊದಲು ಆರೋಪಿಯ ಪರಿಚಯ. ಸ್ಟ್ಯಾಗ್ ತಯಾರಾದದ್ದು ನಾನು ವಾಸಿಸುವ ಕವೆಂಟ್ರಿಯಲ್ಲೇ, 1970ರಿಂದ 1977ರವರೆಗೆ. ಇಟಲಿಯ ಮಿಕೆಲೊಟ್ಟಿ ರೂಪಿಸಿದ, ನಾಲ್ವರು ಕೂರಬಹುದಾದ, ಚಾವಣಿ ಮಡಚಿಡಬಹುದಾದ ಚೆಂದದ ಕಾರು. ಎಂಜಿನ್ 2997 ಸಿಸಿಯ ವಿ-8. ಟ್ರಯಂಫ್ ಕಂಪನಿ ಅದನ್ನು ಬೇರೆ ಯಾವ ಮಾದರಿಗೂ ಹಾಕಲಿಲ್ಲ. ಕೆಲವೇ ವರ್ಷಗಳಲ್ಲಿ ಅದಕ್ಕೆ ಕೆಟ್ಟ ಹೆಸರು ಅಂಟಿಕೊಂಡಿತು: ಬಿಸಿಯೇರುತ್ತದೆ, ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಅದೇ ಬ್ರಿಟಿಷ್ ಲೇಲ್ಯಾಂಡ್ ಕುಟುಂಬದ ರೋವರ್ ಬಳಿ ಅಮೆರಿಕದ ಬ್ಯೂಕ್‌ನಿಂದ ಹಕ್ಕು ಕೊಂಡ 3.5 ಲೀಟರಿನ ಅಲ್ಯೂಮಿನಿಯಂ ವಿ-8 ಇತ್ತು. ಕಂಪನಿ ಮೊದಲೇ ಅದನ್ನು ಹಾಕಬೇಕಿತ್ತು, ಅವರು ಮಾಡದ್ದನ್ನು ನಾವು ಮಾಡೋಣ ಎಂಬುದು ಎದುರಾಳಿಗಳ ವಾದ. ಕಂಪನಿ ಏನು ಮಾಡಬೇಕಿತ್ತು ಎಂಬುದು ಅಂದಿನ ಆಡಳಿತ ಮಂಡಳಿಯ ಪ್ರಶ್ನೆ. ಇಂದು ನಮ್ಮ ಗ್ಯಾರೇಜಿನಲ್ಲಿ ನಿಂತಿರುವ ಕಾರಿನ ಪ್ರಶ್ನೆಯೇ ಬೇರೆ.

ನಾನು ಚಾರ್ಟರ್ಡ್ ಅಕೌಂಟೆಂಟ್. ನಷ್ಟ ತೋರಿಸಿದ ತಕ್ಷಣ ಅಂಗಡಿ ಮುಚ್ಚಿ ಎಂದು ಹೇಳುವುದನ್ನು ನನಗೆ ಯಾರೂ ಕಲಿಸಲಿಲ್ಲ. ಯಾವ ಬಾಬ್ತಿನಲ್ಲಿ ಸೋರುತ್ತಿದೆ ಎಂದು ಮೊದಲು ಹುಡುಕಬೇಕು. ಸ್ಟ್ಯಾಗ್ ಎಂಜಿನ್ ಎಲ್ಲಿ ಸೋರುತ್ತದೆಂದು ಬಲ್ಲವರಿಗೆಲ್ಲ ಗೊತ್ತು. ನೀರಿನ ಪಂಪು ಎಂಜಿನ್ನಿನ ಮೇಲ್ಭಾಗದಲ್ಲಿದೆ. ಹಾಗಾಗಿ ನೀರು ಸ್ವಲ್ಪ ಇಳಿದರೂ ಮೊದಲು ಒಣಗುವುದು ಅದೇ. ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ತುಕ್ಕು ತಡೆಯುವ ದ್ರವವಿಲ್ಲದೆ ಬರೀ ನೀರು ತುಂಬಿದರೆ ಅಲ್ಯೂಮಿನಿಯಂ ಕರಗಿ ರೇಡಿಯೇಟರಿನ ನಾಳಗಳಲ್ಲಿ ಕೂರುತ್ತದೆ. ಎಷ್ಟೋ ಬ್ಲಾಕುಗಳಲ್ಲಿ ಎರಕದ ಮರಳು ಒಳಗೇ ಉಳಿದಿತ್ತು. ಟೈಮಿಂಗ್ ಚೈನುಗಳನ್ನು 25–30 ಸಾವಿರ ಮೈಲಿಗೊಮ್ಮೆ ಬದಲಿಸದಿದ್ದರೆ ಅವು ಜಾರಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ.

ಈ ಪಟ್ಟಿಯಲ್ಲಿ ಮದ್ದಿಲ್ಲದ ರೋಗ ಯಾವುದು? ಮರಳನ್ನು ತೊಳೆದು ತೆಗೆಯಬಹುದು. ರೇಡಿಯೇಟರನ್ನು ಹೊಸದಾಗಿ ಕಟ್ಟಿಸಬಹುದು. ಬಾಗಿದ ಹೆಡ್ಡನ್ನು ಮಟ್ಟ ಮಾಡಿಸಬಹುದು. ನೀರು ಇಳಿದರೆ ಕೂಗುವ ಅಲಾರಂ ಹಾಕಿಸಬಹುದು. ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸಬಹುದು. ಇಷ್ಟನ್ನೂ ಮಾಡಿಸಿರುವ ನನ್ನ ಕಾರು ಜುಲೈ ತಿಂಗಳ ಟ್ರಾಫಿಕ್ಕಿನಲ್ಲಿ ನಿಂತರೂ ಮುಳ್ಳು ಮಧ್ಯವನ್ನು ದಾಟುವುದಿಲ್ಲ.

ಎದುರಾಳಿಗಳ ಲೆಕ್ಕದ ಕೈಚಳಕ ಬೇರೆ ಕಡೆ ಇದೆ. ರೋವರ್ ಎಂಜಿನ್ ಕೂರಿಸುವವರು ಜೊತೆಗೇ ಹೊಸ ರೇಡಿಯೇಟರ್, ಹೊಸ ಫ್ಯಾನು, ಹೊಸ ಪೈಪುಗಳನ್ನೂ ಹಾಕಿಸುತ್ತಾರೆ. ಆಮೇಲೆ ಕಾರು ತಣ್ಣಗಿದ್ದರೆ ಅಷ್ಟೂ ಪುಣ್ಯವನ್ನು ಎಂಜಿನ್ನಿನ ಖಾತೆಗೆ ಜಮಾ ಮಾಡುತ್ತಾರೆ! ಅದೇ ರೇಡಿಯೇಟರು, ಅದೇ ಫ್ಯಾನು ಹಳೇ ಎಂಜಿನ್ನಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಇನ್ನು ಖರ್ಚಿನ ಬದಿಯಲ್ಲಿ ಎಂಜಿನ್ನಿನ ಬೆಲೆ ಮಾತ್ರ ಬರೆದಿರುತ್ತಾರೆ. ಮೌಂಟಿಂಗ್, ಎಕ್ಸಾಸ್ಟ್, ಗೇರ್‌ಬಾಕ್ಸ್ ಜೋಡಣೆಯ ಖರ್ಚು ಆಮೇಲೆ ಒಂದೊಂದಾಗಿ ತಲೆ ಎತ್ತುತ್ತದೆ. ಮಾರುವಾಗ ಮೂಲ ಎಂಜಿನ್ ಇಲ್ಲದ್ದಕ್ಕೆ ಬೆಲೆ ಇಳಿಯುವುದಂತೂ ಪುಸ್ತಕದಲ್ಲೇ ಇರುವುದಿಲ್ಲ. ರೋವರ್ ಎಂಜಿನ್ನೂ ದೇವರ ಪ್ರಸಾದವಲ್ಲ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸದಿದ್ದರೆ ಅದರ ಕ್ಯಾಮ್‌ಶಾಫ್ಟ್ ಸವೆಯುತ್ತದೆ. ಹಳೇ ಎಂಜಿನ್ನಿನ ಆರೈಕೆ ಮಾಡದವನು ಹೊಸದಕ್ಕೆ ಮಾಡುತ್ತಾನೆಂಬ ಭರವಸೆ ಏನು?

ನ್ಯಾಯವಾಗಿ ಒಪ್ಪಬೇಕಾದದ್ದನ್ನೂ ಒಪ್ಪುತ್ತೇನೆ. ಸ್ಟ್ಯಾಗಿಗೆ ಬೆಲೆ ಇಲ್ಲದಿದ್ದ, ಅದರ ಎಂಜಿನ್ ಬಲ್ಲವರೂ ಅಪರೂಪವಾಗಿದ್ದ ದಿನಗಳಲ್ಲಿ ರೋವರ್ ಎಂಜಿನ್ ಎಷ್ಟೋ ಕಾರುಗಳನ್ನು ಗುಜರಿಯಿಂದ ಉಳಿಸಿತು. ಅಂಥ ಕಾರುಗಳನ್ನು ಈಗ ಮತ್ತೆ ಬಿಚ್ಚಿ ಎಂದು ನಾನು ಹೇಳುವುದಿಲ್ಲ. ಅಂಬಾಸಿಡರಿಗೆ ಡೀಸೆಲ್ ಹಾಕಿದ ನಮ್ಮ ಟ್ಯಾಕ್ಸಿಯವರ ಲೆಕ್ಕವೂ ಪ್ರಾಮಾಣಿಕ. ದಿನವಿಡೀ ಓಡುವ ಗಾಡಿ, ಮೈಲಿಗೆ ಇಷ್ಟು ಉಳಿತಾಯ, ಅದರಿಂದ ಮನೆ ನಡೆಯಬೇಕು. ವರ್ಷಕ್ಕೆ ಸಾವಿರ ಮೈಲಿ, ಅದೂ ಬಿಸಿಲಿದ್ದ ಭಾನುವಾರ ಮಾತ್ರ ಓಡಿಸುವವರಿಗೆ ಆ ನೆಪ ಸಲ್ಲದು.

ಇದು ಅವರವರ ಕಾರು, ಅವರವರ ದುಡ್ಡು ಎನ್ನುವವರಿದ್ದಾರೆ. ಪೂರ್ತಿ ನಿಜವಲ್ಲ. ಈ ಎಂಜಿನ್ ಬೇರೆ ಯಾವ ಟ್ರಯಂಫ್‌ನಲ್ಲೂ ಇಲ್ಲ ಎಂದೆನಲ್ಲ, ತೊಡಕು ಇರುವುದೇ ಅಲ್ಲಿ. ಒಂದೊಂದು ಎಂಜಿನ್ ಗುಜರಿಗೆ ಹೋದಾಗಲೂ ಅದರ ಗ್ಯಾಸ್ಕೆಟ್ಟು, ಪಂಪು, ಚೈನಿಗೆ ಗಿರಾಕಿ ಒಬ್ಬ ಕಡಿಮೆಯಾಗುತ್ತಾನೆ. ಗಿರಾಕಿ ಕಡಿಮೆಯಾದರೆ ಮಾಡುವವರು ನಿಲ್ಲಿಸುತ್ತಾರೆ. ಮಾಡುವವರು ನಿಲ್ಲಿಸಿದರೆ ಅದನ್ನು ಬಿಚ್ಚಿ ಕೂಡಿಸಬಲ್ಲ ಕೈಗಳಿಗೆ ಕೆಲಸವಿಲ್ಲ. ಆ ಕೈಗಳಿಗೆ ಈಗಲೇ ವಯಸ್ಸಾಗಿದೆ. ಕವೆಂಟ್ರಿಯಲ್ಲಿ ಆ ಕಾರ್ಖಾನೆಯೇ ಇಲ್ಲ. ಉಳಿದಿರುವುದು ಅಲ್ಲಿಯವರ ಕಸುಬಿನ ತಿಳಿವಳಿಕೆ, ಅದೂ ಕೆಲವರ ತಲೆಯಲ್ಲಿ. ಹೊರದೇಶದಲ್ಲಿ ಕೂತು ಕನ್ನಡ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳಸುವವರು ಇರುವ ತನಕ ಮಾತ್ರ ಯಾವುದೂ ಉಳಿಯುತ್ತದೆ.

ಒಮ್ಮೆ ಒಬ್ಬ ಮೆಕ್ಯಾನಿಕ್ ನನ್ನ ಕಾರಿನ ಬಾನೆಟ್ ಎತ್ತಿ, ಒಂದು ಪೈಪನ್ನೂ ಬಿಚ್ಚದೆ, "ಎಂಜಿನ್ನೇ ಬದಲಿಸಿಬಿಡಿ" ಎಂದ. ಅಂಥ ಸಲಹೆ ನಿಮಗೂ ಬಂದರೆ, ಕಾರು ಯಾವುದೇ ಇರಲಿ, ಮೂರು ಪ್ರಶ್ನೆ ಕೇಳಿ. ರೇಡಿಯೇಟರಿನಲ್ಲಿ ನೀರು ಸರಾಗವಾಗಿ ಹರಿಯುತ್ತಿದೆಯೇ ಎಂದು ನೋಡಿದಿರಾ? ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಿದಿರಾ? ರಿಪೇರಿಯ ಅಂದಾಜು, ಬದಲಿಯ ಅಂದಾಜು, ಎರಡನ್ನೂ ಬಿಡಿ ಬಿಡಿಯಾಗಿ ಬರೆದು ಕೊಡುತ್ತೀರಾ? ಮೂರಕ್ಕೂ ಉತ್ತರ ಸಿಕ್ಕ ಮೇಲೆ, ಬ್ಲಾಕೇ ಸೀಳಿದೆ ಎಂದು ಖಚಿತವಾದರೆ, ಅದೇ ಜಾತಿಯ ಇನ್ನೊಂದು ಬ್ಲಾಕ್ ಹುಡುಕಿ. ಉತ್ತರ ಸಿಗದಿದ್ದರೆ ಬದಲಿಸಬೇಕಾದದ್ದು ಎಂಜಿನ್ನನ್ನಲ್ಲ, ಮೆಕ್ಯಾನಿಕ್ಕನ್ನು.