‘ಅಡ್ಮಿನ್ ಖರ್ಚಿಗೆ ಬೇಡ’ ಅನ್ನೋರಿಗೆ

ಡೊನೇಶನ್ ಮೇಲ್ ಬಂದಾಗೆಲ್ಲ ನಮ್ಮ ಆಫೀಸಲ್ಲಿ ಒಂದೇ ಡೈಲಾಗ್: ‘ನನ್ನ ದುಡ್ಡು ನೇರವಾಗಿ ಮಗೂಗೇ ಹೋಗ್ಬೇಕು ಕಣ್ರೀ, ಅಡ್ಮಿನ್ ಖರ್ಚಿಗಲ್ಲ.’ ಎಲ್ಲರೂ ತಲೆಯಾಡಿಸ್ತಾರೆ. ನಾನೂ ಆಡಿಸಿದ್ದೆ. ಈಗ ಆ ಮಾತು ಕೇಳಿದ್ರೆ ಸಿಟ್ಟು ಬರುತ್ತೆ.

ರಾತ್ರಿ ಮೆಜೆಸ್ಟಿಕ್‌ನಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಒಂಟಿಯಾಗಿ ಸಿಕ್ಕಳು ಅಂದ್ಕೊಳ್ಳಿ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 24 ಗಂಟೆಯೊಳಗೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಯಾವೂರಮ್ಮಾ ಅಂದ್ರೆ ‘ಹೊಸಹಳ್ಳಿ’ ಅಂತಾಳೆ. ನಮ್ಮ ರಾಜ್ಯದಲ್ಲಿ ಹೊಸಹಳ್ಳಿಗಳಿಗೇನು ಬರವೇ? ಪಂಚಾಯ್ತಿಗಳಿಗೆ ಫೋನ್ ಹಚ್ಚೋರು ಯಾರು? ಕಾಣೆಯಾದವರ ದೂರುಗಳ ಜೊತೆ ತಾಳೆ ನೋಡೋರು, ತಾಲ್ಲೂಕಿನ ಹೆಸರನ್ನು ತಪ್ಪಿಲ್ಲದೆ ಟೈಪ್ ಮಾಡೋರು ಯಾರು? ನೀವು ಬೇಡ ಅಂದ ಆ ‘ಅಡ್ಮಿನ್’ ಜನವೇ.

ಸಾಮಾಜಿಕ ತನಿಖೆ 15 ದಿನದಲ್ಲಿ ಮುಗೀಬೇಕು, ಅಂತಿಮ ಆದೇಶ ನಾಲ್ಕು ತಿಂಗಳಲ್ಲಿ ಬರಬೇಕು ಅನ್ನುತ್ತೆ ಕಾನೂನು. ತ್ಯಜಿಸಲ್ಪಟ್ಟ ಮಗು ಎರಡು ವರ್ಷದೊಳಗಿನದಾದರೆ, ದತ್ತು ಕೊಡಬಹುದೋ ಇಲ್ಲವೋ ಅನ್ನೋದನ್ನು ಎರಡೇ ತಿಂಗಳಲ್ಲಿ ತೀರ್ಮಾನಿಸಬೇಕು. ಆಮೇಲೂ ಆ ಮಗುವಿನ ವೈದ್ಯಕೀಯ ವರದಿ ಪೋರ್ಟಲ್‌ಗೆ ಏರೋವರೆಗೆ, ಕಾಯ್ತಿರೋ ಅಪ್ಪ ಅಮ್ಮನ ಕಣ್ಣಿಗೆ ಅದು ಬೀಳೋದೇ ಇಲ್ಲ. ಒಂದು ಫೈಲು ಟೇಬಲ್ ಮೇಲೆ ಮೂರು ವಾರ ಕೂತರೆ, ಮಗು ಮೂರು ವಾರ ಹೆಚ್ಚಿಗೆ ಸಂಸ್ಥೆಯಲ್ಲಿ ಬೆಳೆಯುತ್ತೆ. ಲಸಿಕೆ ಕಾರ್ಡು ಹಳೇ ಬಾಲಮಂದಿರದಲ್ಲೇ ಉಳಿದ್ರೆ, ಮಗುವಿಗೆ ಯಾವ ಚುಚ್ಚುಮದ್ದು ಆಗಿದೆ ಅಂತ ಹೊಸ ಡಾಕ್ಟರಿಗೆ ಹೇಗೆ ಗೊತ್ತಾಗ್ಬೇಕು?

ಇಷ್ಟು ಜವಾಬ್ದಾರಿ ಹೊತ್ತವರಿಗೆ ಎಷ್ಟು ಕೊಡ್ತೀವಿ ಗೊತ್ತಾ? ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಡೇಟಾ ಎಂಟ್ರಿ ಸಹಾಯಕರಿಗೆ 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ನಿಗದಿ ಮಾಡಿದ್ದು ತಿಂಗಳಿಗೆ 13,240 ರೂಪಾಯಿ. ಅದೂ ಗುತ್ತಿಗೆ ಮೇಲೆ. ಇದಕ್ಕಿಂತ ಜಾಸ್ತಿ ಸಿಗೋ ಕೆಲಸಕ್ಕೆ ಅವರು ಹೊರಟುಹೋದ್ರೆ ತಪ್ಪು ಅನ್ನೋಕಾಗುತ್ತಾ? ಅವರು ಹೋದ ದಿನ ಆ ನೂರಾರು ಫೈಲುಗಳ ನೆನಪೂ ಹೋಗುತ್ತೆ.

‘ಒಂದು ಆ್ಯಪ್ ಮಾಡಿದ್ರೆ ಆಯ್ತಲ್ಲ ಗುರೂ’ ಅಂತೀರಿ. ಪೋರ್ಟಲ್‌ಗಳು ಈಗಾಗಲೇ ಇವೆ ಸ್ವಾಮಿ. ಅದರೊಳಗೆ ತುಂಬೋರು ಇಲ್ಲ. ಅಳ್ತಿರೋ ಮಗು ಡ್ರಾಪ್‌ಡೌನ್‌ನಲ್ಲಿ ತನ್ನ ಹೊಸಹಳ್ಳೀನ ತಾನೇ ಆರಿಸಿಕೊಳ್ಳಲ್ಲ.

ನಮ್ಮ ಕಂಪನಿಗಳಲ್ಲಿ ಎಚ್‌ಆರ್, ಪೇರೋಲ್, ಪ್ರಾಜೆಕ್ಟ್ ಮ್ಯಾನೇಜರ್ ಇಲ್ಲದೆ ಒಂದು ವಾರ ನಡೆಯಲ್ಲ. ಅದನ್ನ ‘ಸಿಸ್ಟಮ್’ ಅಂತೀವಿ. ಮಕ್ಕಳ ವಿಷಯದಲ್ಲಿ ಮಾತ್ರ ಅದೇ ಕೆಲಸ ದಂಡದ ಖರ್ಚು! ಮುಂದಿನ ಸಲ ಚೆಕ್ ಬರೆಯೋ ಮುಂಚೆ ‘ಅಡ್ಮಿನ್‌ಗೆ ಎಷ್ಟು ಹೋಗುತ್ತೆ’ ಅಂತ ಕೇಳ್ಬೇಡಿ. ‘ಫೈಲ್ ನೋಡೋರು ಎಷ್ಟು ಜನ ಇದ್ದಾರೆ, ಅವರಿಗೆ ಬದುಕೋಷ್ಟು ಸಂಬಳ ಕೊಡ್ತೀರಾ’ ಅಂತ ಕೇಳಿ. ‘ಇಲ್ಲ’ ಅಂದ್ರೆ, ನಿಮ್ಮ ದುಡ್ಡನ್ನ ಅದಕ್ಕೇ ಕೊಡಿ.