ಕುತ್ತಿಗೆ ಮೂಳೆ ‘ಸವೆದಿದೆ’ ಎಂದರೆ ಕಾಯಿಲೆಯೇ? ಯಾವಾಗ ಹೆದರಬೇಕು, ಯಾವಾಗ ಬೇಡ?

ಬಗ್ಗಿ ಮೊಬೈಲ್ ನೋಡಿದರೆ ಕುತ್ತಿಗೆ ಮೇಲೆ 27 ಕಿಲೋ ಭಾರ ಬೀಳುತ್ತದೆ, ಮೂಳೆ ಸವೆಯುತ್ತದೆ, ತಲೆಸುತ್ತು ಬಂದರೆ ಅದು ಸ್ಪಾಂಡಿಲೋಸಿಸ್, ಈ ಎಣ್ಣೆ ಹಚ್ಚಿದರೆ ಸವೆದ ಮೂಳೆ ಸರಿಯಾಗುತ್ತದೆ. ಇಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಸವೆತ ಎಂದರೇನು?

ನಮ್ಮ ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಅವುಗಳ ನಡುವೆ ಮೆತ್ತೆಯಂತೆ ಇರುವುದೇ ಡಿಸ್ಕ್. ವಯಸ್ಸಾದಂತೆ ಡಿಸ್ಕ್ ನೀರಿನಂಶ ಕಳೆದುಕೊಂಡು ತೆಳುವಾಗುತ್ತದೆ, ಅಂಚಿನಲ್ಲಿ ಮೂಳೆ ಸ್ವಲ್ಪ ಬೆಳೆಯುತ್ತದೆ. ಇದನ್ನೇ ಸರ್ವೈಕಲ್ ಸ್ಪಾಂಡಿಲೋಸಿಸ್ ಎನ್ನುತ್ತಾರೆ. ಕೂದಲು ನೆರೆಯುವ ಹಾಗೆ ಇದೂ ಬಹುತೇಕ ಎಲ್ಲರಲ್ಲೂ ಆಗುವ ಬದಲಾವಣೆ.

ವರದಿಯಲ್ಲಿ ಬಂದರೆ ಕಾಯಿಲೆಯೇ?

ಹಾಗೇನಿಲ್ಲ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಯ ಎಂಆರ್‌ಐ ಮಾಡಿ ನೋಡಲಾಯಿತು. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಶೇ. 87.6 ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡಿತು. 20ರ ಹರೆಯದವರಲ್ಲೂ ಶೇ. 70ಕ್ಕಿಂತ ಹೆಚ್ಚು ಮಂದಿಗೆ ಹೀಗೇ ಇತ್ತು. ಆದ್ದರಿಂದ ‘ಡಿಸ್ಕ್ ಬಲ್ಜ್’ ಎಂಬ ಎರಡು ಪದ ಓದಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ವೈದ್ಯರು ಮೊದಲು ನೋಡುವುದು ಫಿಲ್ಮನ್ನಲ್ಲ, ನಿಮ್ಮನ್ನು. ನೋವು ಕುತ್ತಿಗೆಯಲ್ಲೇ ಇದೆಯೋ, ತೋಳಿಗೆ ಇಳಿಯುತ್ತದೆಯೋ, ಯಾವ ಬೆರಳು ಜೋಮು ಹಿಡಿಯುತ್ತದೆ, ಕೈಯ ಬಲ ಎಷ್ಟಿದೆ, ನಡಿಗೆ ಹೇಗಿದೆ ಎಂದು ಪರೀಕ್ಷಿಸುತ್ತಾರೆ. ಬರೀ ಕುತ್ತಿಗೆ ನೋವಿಗೆ ಸಾಮಾನ್ಯವಾಗಿ ಎಂಆರ್‌ಐ ಬೇಕಾಗುವುದಿಲ್ಲ. ನರ ಅಥವಾ ಬೆನ್ನುಹುರಿ ಒತ್ತಿಹೋಗಿರುವ ಅನುಮಾನ ಬಂದರೆ ಬೇಕೇ ಬೇಕು.

ಯಾವಾಗ ತಡ ಮಾಡಬಾರದು?

ಗಮನಿಸಿ, ಅಪಾಯದ ಲಕ್ಷಣ ಯಾವಾಗಲೂ ನೋವಲ್ಲ. ಬೆನ್ನುಹುರಿ ಒತ್ತಿಹೋಗುತ್ತಿರುವಾಗ ನೋವು ತೀರಾ ಕಡಿಮೆ ಇರಬಹುದು. ಈ ಬದಲಾವಣೆಗಳನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬೇಡಿ:

• ಶರ್ಟಿನ ಗುಂಡಿ ಹಾಕಲು, ನಾಣ್ಯ ಎತ್ತಿಕೊಳ್ಳಲು ಬೆರಳು ತಡವರಿಸುವುದು, ಕೈಬರಹ ಕೆಡುವುದು
• ನಡೆಯುವಾಗ ತೂರಾಡುವುದು, ಗೊತ್ತಾಗದೆ ಕಾಲಿನಿಂದ ಚಪ್ಪಲಿ ಜಾರುವುದು
• ಕೈ ಅಥವಾ ಕಾಲಿನ ಬಲ ಕುಂದುವುದು
• ಮೂತ್ರ, ಮಲದ ಮೇಲೆ ಹಿಡಿತ ತಪ್ಪುವುದು

ಕುತ್ತಿಗೆ ನೋವಿನ ಜೊತೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯದಂಥ ಬೇರೆ ಕಾರಣವೂ ಇರಬಹುದು. ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವಿಗೂ ತಕ್ಷಣ ತಪಾಸಣೆ ಬೇಕು.

ಚಿಕಿತ್ಸೆ ಏನು?

ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ. ವೈದ್ಯರು ಹೇಳಿದಷ್ಟು ದಿನ ನೋವಿನ ಮಾತ್ರೆ, ಬಿಸಿ ಶಾಖ, ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ ಸಾಕಾಗುತ್ತದೆ. ಪೂರ್ತಿ ವಿಶ್ರಾಂತಿ ಬೇಡ. ಕಾಲರ್ ಬೇಕಾದರೂ ಕೆಲವೇ ದಿನ. ತಿಂಗಳುಗಟ್ಟಲೆ ಹಾಕಿದರೆ ಕುತ್ತಿಗೆಯ ಸ್ನಾಯು ದುರ್ಬಲವಾಗುತ್ತದೆ. ನರ ಒತ್ತಿ ತೋಳಿಗೆ ಇಳಿದ ನೋವೂ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ಕಡಿಮೆಯಾಗುತ್ತದೆ.

ಬೆನ್ನುಹುರಿ ಒತ್ತಿಹೋಗಿ ಲಕ್ಷಣಗಳು ಹೆಚ್ಚುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಶಸ್ತ್ರಚಿಕಿತ್ಸೆಯ ಮುಖ್ಯ ಉದ್ದೇಶ ಹಾನಿಯನ್ನು ಅಲ್ಲಿಗೇ ನಿಲ್ಲಿಸುವುದು. ಹೋದ ಬಲ ಪೂರ್ತಿ ಮರಳುತ್ತದೆ ಎಂಬ ಖಾತರಿ ಇಲ್ಲ. ಆದ್ದರಿಂದಲೇ ತಡ ಮಾಡಬಾರದು.

ಫಾರ್ವರ್ಡ್‌ನಲ್ಲಿ ನಿಜವೆಷ್ಟು?

27 ಕಿಲೋ: ಇದು 2014ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು ಕಂಪ್ಯೂಟರ್ ಮಾದರಿಯಲ್ಲಿ ಮಾಡಿದ ಲೆಕ್ಕ. ತಲೆ 60 ಡಿಗ್ರಿ ಬಗ್ಗಿದಾಗಿನ ಅಂದಾಜು. ಮೊಬೈಲಿನಿಂದ ಮೂಳೆ ಸವೆದದ್ದನ್ನು ಅದು ತೋರಿಸಿಲ್ಲ. ಆದರೂ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿದ್ದರೆ ಸ್ನಾಯು ನೋಯುವುದು ನಿಜ. ಆಗಾಗ ಎದ್ದು ಓಡಾಡಿ.

ತಲೆಸುತ್ತು: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬರುವ ತಲೆಸುತ್ತಿಗೆ ಹೆಚ್ಚಾಗಿ ಒಳಕಿವಿಯ ತೊಂದರೆ ಕಾರಣ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಎಣ್ಣೆ: ಹಚ್ಚಿ ತಿಕ್ಕಿದರೆ ಹಾಯೆನಿಸಬಹುದು. ಸವೆದ ಡಿಸ್ಕನ್ನು ಮೊದಲಿನಂತೆ ಮಾಡುವ ಎಣ್ಣೆ ಯಾವುದೂ ಇಲ್ಲ.

ನೆಟಿಗೆ: ಸಲೂನಿನಲ್ಲಿ ಕುತ್ತಿಗೆಯನ್ನು ಫಟ್ಟನೆ ತಿರುಗಿಸಿಕೊಳ್ಳಬೇಡಿ. ಅಪರೂಪಕ್ಕೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವುದುಂಟು.

ಈ ಬರಹದಿಂದ ಒಂದೇ ಸಂಗತಿ ಹಂಚಿಕೊಳ್ಳುವುದಾದರೆ ಇದನ್ನು ಹಂಚಿ: ವರದಿಯಲ್ಲಿ ಸವೆತ ಕಂಡರೆ ಗಾಬರಿ ಬೇಡ, ಗುಂಡಿ ಹಾಕಲು ಕೈ ತಡವರಿಸಿದರೆ ಉದಾಸೀನ ಬೇಡ.